ಹೂ ಬಿಟ್ಟ ಹತ್ತರಕಿ

ಎಳ್ಳಮಾವಾಸ್ಯೆಯ ದಿನ ಕಾಶೀಬಾಯಿ ಹೊಲದ ನಡುವೆ ಕಂಬಳಿ ಹಾಸಿ ಎಡೆ ಬಡಿಸಿದಳು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಅಂಬಲಿ ಎಲ್ಲ ಇದ್ದವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಕೂರಿಸಿದ್ದೂ ಆಗಿತ್ತು. ಆದರೆ ಎಡೆಯ ಬಲಗಡೆ ಒಂದು ಹಿಡಿಯಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿ ಹಸಿ ಹತ್ತರಕಿ ಸೊಪ್ಪು ಇರಬೇಕು. ಬೇಯಿಸಿದ್ದನ್ನು ಮನೆಯಿಂದ ತರಬಹುದು, ಹಸಿಯದ್ದು ಮಾತ್ರ ಅದೇ ಹೊಲದಲ್ಲಿ ಹುಟ್ಟಿದ್ದಾಗಿರಬೇಕು. ಭೀಮಾ ದಂಡೆಯ ಬೀರನಾಳದಲ್ಲಿ ಅದು ಎಂದಿನಿಂದಲೂ ನಡೆದು ಬಂದ ರೀತಿ.

ಹೆಂಗಸರು ಬಿಳಿಜೋಳದ ಸಾಲುಗಳಲ್ಲಿ ಬಗ್ಗಿ ಬಗ್ಗಿ ನೋಡಿದರು. ಎರೆನೆಲ ಬಿರಿದಿತ್ತು. ಜೋಳದ ಬುಡ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಬೋಳಾಗಿತ್ತು. ಹತ್ತರಕಿ ಇರಲಿಲ್ಲ.

"ಹೋದ ವರ್ಷ ನಾಕೆಲಿ ಸಿಕ್ಕಿತ್ತಲ್ಲ" ಎಂದಳು ಪಕ್ಕದ ಹೊಲದ ಲಾಲಬಿ. ಆಡು ಮೇಯಿಸುವವಳು. ಹಬ್ಬ ತನ್ನದಲ್ಲದಿದ್ದರೂ ಊಟಕ್ಕೆ ಪ್ರತಿ ವರ್ಷ ಬರುವವಳು.

ಕಾಶೀಬಾಯಿ ಸೊಂಟದ ಮೇಲೆ ಕೈ ಇಟ್ಟು ಸೊಸೆ ಮಹಾನಂದಾಳತ್ತ ಗದ್ದ ಎತ್ತಿ ತೋರಿಸಿದಳು. "ಕೇಳು ಆಕಿಗಿ. ಫೋನ್ ಹಿಡ್ಕೊಂಡು ಹೊಲ ಹೊಲ ತಿರಗ್ಯಾಡಿ ಎಲ್ಲಾ ಬರಸ್ಕೊಂಡು ಹೋದ್ಳಲ್ಲ. ಏನವ್ವಾ, ಪಲ್ಲೆ ಉಳಸ್ತೀನಂತ ಹೇಳಿದ್ದಿ. ಎಲ್ಲಿ ಉಳಸಿದಿ? ತೋರ್ಸು."

ಮಹಾನಂದಾಳ ಗಂಡ ಭೀಮಶಾ ಹೊಲಕ್ಕೆಲ್ಲ ಎಡೆ ಚೆಲ್ಲುವ ಚರಗದ ಬುಟ್ಟಿ ಎತ್ತಿಕೊಂಡು ಹೊಲ ಸುತ್ತಲು ಹೊರಟುಬಿಟ್ಟ. ತಾಯಿ ಮತ್ತು ಹೆಂಡತಿಯ ನಡುವೆ ನಿಲ್ಲುವ ಪ್ರಸಂಗ ಬಂದಾಗಲೆಲ್ಲ ಅವನಿಗೆ ಏನಾದರೊಂದು ಕೆಲಸ ಸಿಗುತ್ತಿತ್ತು.

"ಖಾಲಿ ಎಡಿ ತೋರ್ಸಿದೆ ಭೂಮ್ತಾಯಿಗಿ" ಎಂದಳು ಕಾಶೀಬಾಯಿ. "ನೌಕರದಾಕಿ ಮನ್ಯಾಗ ಇದ್ದಿದ್ದಕ್ಕ."

*

ಆ ನೌಕರಿ ಒಂದು ವೆಬ್‌ಸೈಟಿನಿಂದ ಹುಟ್ಟಿದ್ದು. ಅದರ ಹೆಸರು 'ಗಿಡಗುರುತು'. ಮೊದಮೊದಲು ಅದು ಕಾಡುಹೂವುಗಳ ಮೇಲೆ ಪ್ರೀತಿ ಇದ್ದವರ ಜಾಗವಾಗಿತ್ತು. ದಾರಿ ಬದಿಯಲ್ಲಿ ಕಂಡ ಹೂವಿನ ಚಿತ್ರ ತೆಗೆದು ಹಾಕಿದರೆ ಎಲ್ಲಿಂದಲೋ ಯಾರೋ ಅದರ ಹೆಸರು ಹೇಳುತ್ತಿದ್ದರು. ಇನ್ನೊಬ್ಬರು ಅಲ್ಲ ಎಂದು ಜಗಳ ತೆಗೆಯುತ್ತಿದ್ದರು. ಕೊನೆಗೆ ಹೆಸರು ನಿಲ್ಲುತ್ತಿತ್ತು. ಆ ಜಗಳಗಳನ್ನೆಲ್ಲ ನುಂಗಿ ನುಂಗಿ ಯಂತ್ರವೊಂದು ತಾನೇ ಹೆಸರು ಹೇಳಲು ಕಲಿಯಿತು.

ಅದೇ ಕಾಲಕ್ಕೆ ಹಳದಿ ಹೂವಿನ ಹೊರನಾಡ ಕಳೆಯೊಂದು ನಾಡಿನ ಹೊಲಗಳಿಗೆ ನುಗ್ಗಿತು. ಊರವರು ಅದಕ್ಕೆ ಪರದೇಶಿ ಎಂದರು. ಜೋಳವನ್ನು ಅದು ಮೇಲೇಳಲು ಬಿಡಲಿಲ್ಲ. ಮೇದ ಎಮ್ಮೆಗಳು ಕಂದು ಹಾಕಿದವು, ಮನುಷ್ಯರಿಗೆ ಉಬ್ಬಸ ಹತ್ತಿತು. ಬೀರನಾಳದವರೇ ತಾಲ್ಲೂಕು ಕಚೇರಿಯ ಮುಂದೆ ಕುಳಿತು ಇದನ್ನು ಹೇಗಾದರೂ ತೆಗೆಸಿ ಎಂದು ಕೂಗಿದ್ದರು. ಆಗ ಕಳೆ ಮಂಡಳಿ ಬಂತು, ಅದರ ಹಿಂದೆ ಯಂತ್ರ ಬಂತು. ಎಮ್ಮೆಗರುವಿನಷ್ಟು ಎತ್ತರ, ಆರು ಗಾಲಿ, ಹೊಟ್ಟೆಯ ಕೆಳಗೆ ಸಾಲಾಗಿ ಗಾಜಿನ ಕಣ್ಣು. ಕಣ್ಣು ಗಿಡವನ್ನು ನೋಡುತ್ತಿತ್ತು, ಗಿಡಗುರುತು ಹೆಸರು ಹೇಳುತ್ತಿತ್ತು, ಉಳಿಸುವ ಪಟ್ಟಿಯಲ್ಲಿ ಆ ಹೆಸರಿಲ್ಲದಿದ್ದರೆ ಸೂಜಿಯಂಥ ಒಂದು ಬೆಳಕು ಗಿಡದ ಸುಳಿಯನ್ನು ಸುಟ್ಟುಬಿಡುತ್ತಿತ್ತು. ಊರವರು ಅದನ್ನು ಸುಡುಹೋರಿ ಎಂದು ಕರೆದರು.

ಉಳಿಸುವ ಪಟ್ಟಿಯನ್ನು ಊರವರೇ ಕೊಡಬೇಕೆಂದು ಮಂಡಳಿ ಹೇಳಿತ್ತು. ಪ್ರತಿ ಊರಿಗೆ ಒಬ್ಬರು ಖಾತ್ರಿದಾರರು. ಬೀರನಾಳಕ್ಕೆ ಮಹಾನಂದಾ. ಅವಳು ಹೆಂಗಸರನ್ನು ಹೊಲಕ್ಕೆ ಕರೆದೊಯ್ದು ಗೋಳಿಪಲ್ಲೆ, ಕಿರಕಸಾಲಿ, ಹತ್ತರಕಿ ಎಂದು ಒಂದೊಂದು ಸೊಪ್ಪಿನ ಚಿತ್ರ ತೆಗೆದಳು. ಕಾಶೀಬಾಯಿಯೇ ಮುಂದೆ ನಿಂತು ಎಳೆಯ ಗಿಡಗಳನ್ನು ಹುಡುಕಿ, ಮಣ್ಣು ಒರೆಸಿ, ಸೆರಗಿನ ಮೇಲಿಟ್ಟು ತೋರಿಸಿದಳು. ನಡುವೆ ಒಂದು ಕಡೆ ಹತ್ತರಕಿ ದಂಟು ಬಿಟ್ಟು ಹಳದಿ ಹೂ ಅರಳಿಸಿ ನಿಂತಿತ್ತು. ಮಹಾನಂದಾ ಫೋನು ಎತ್ತಿದಾಗ ಅತ್ತೆ ಕೈ ಅಡ್ಡ ಹಿಡಿದಿದ್ದಳು.

"ಮುದಿ ಆದದ್ದು ಅದು. ಹೂ ಬಂದ ಮ್ಯಾಲೆ ಪಲ್ಲೆ ಅಲ್ಲ. ಮಂದಿಗಿ ಇಂಥಾದ್ದು ತೋರಸ್ತಾರೇನ? ನಗ್ತಾರ."

ಮಹಾನಂದಾಳಿಗೂ ಅದು ಸರಿ ಎನ್ನಿಸಿತ್ತು. ಅವಳೂ ಅದೇ ನಾಡಿನವಳು. ಹೂ ಬಿಟ್ಟ ಹತ್ತರಕಿಯನ್ನು ಬೀಗರ ತಾಟಿಗೆ ಯಾರೂ ಹಾಕುವುದಿಲ್ಲ. ಅಂಥದ್ದನ್ನು ಜಗತ್ತಿಗೆಲ್ಲ ಕಾಣುವ ಜಾಗದಲ್ಲಿ ಹಾಕುವುದು ಹೇಗೆ?

*

ತಾಲ್ಲೂಕಿನ ನಿಯಂತ್ರಣ ಕೊಠಡಿ ಹಳೆಯ ಹತ್ತಿ ಗೋದಾಮಿನಲ್ಲಿತ್ತು. ಗೋಡೆ ತುಂಬ ಪರದೆಗಳು. ಖಾತ್ರಿದಾರರು ಅವುಗಳ ಮುಂದೆ ಸಾಲಾಗಿ ಕುಳಿತು, ಯಂತ್ರಗಳಿಗೆ ಅನುಮಾನ ಬಂದಾಗ ಮಾತ್ರ ಉತ್ತರ ಹೇಳಬೇಕಿತ್ತು. ಮಸುಕಾದ ಎಲೆ, ಹುಳ ತಿಂದ ಸುಳಿ, ನೆರಳಿನಲ್ಲಿದ್ದ ಬಳ್ಳಿ, ಇಂಥವು ಪರದೆಗೆ ಬರುತ್ತಿದ್ದವು.

ಹಬ್ಬದ ಮರುದಿನ ಮಹಾನಂದಾ ಬೀರನಾಳದಲ್ಲಿ ಸುಟ್ಟ ಗಿಡಗಳ ಚಿತ್ರಗಳನ್ನು ತೆರೆದು ನೋಡಿದಳು. ಮೂರು ಹಂಗಾಮಿನ ಚಿತ್ರಗಳು. ಪರದೇಶಿ, ಪರದೇಶಿ, ಪರದೇಶಿ ಎಂದು ಕೆಳಗೆ ಬರೆದಿತ್ತು. ಉದ್ದ ದಂಟು, ಹಳದಿ ಹೂ. ಮೊದಲ ನೋಟಕ್ಕೆ ಎಲ್ಲ ಒಂದೇ. ಅವಳು ಒಂದು ಚಿತ್ರವನ್ನು ಹಿಗ್ಗಿಸಿದಳು. ದಂಟಿನ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು, ಒಣಗಿ ಕೆಂಪಾದ ಎರಡು ಎಲೆಗಳಿದ್ದವು. ಅಂಚು ಗರಗಸದ ಹಾಗೆ ಕಚ್ಚುಕಚ್ಚಾಗಿತ್ತು. ಆ ಅಂಚನ್ನು ಅವಳ ನಾಲಿಗೆಯೇ ಗುರುತಿಸುತ್ತಿತ್ತು.

ಇನ್ನೊಂದು ತೆಗೆದಳು. ಅದೂ ಹತ್ತರಕಿ. ಮತ್ತೊಂದು, ಅದೂ ಅದೇ. ಎಳೆಯದಿದ್ದಾಗ ಯಂತ್ರ ಅದನ್ನು ಗೌರವದಿಂದ ಸುತ್ತಿ ಬಳಸಿ ಹೋಗಿತ್ತು. ಹೂ ಬಿಟ್ಟ ಕೂಡಲೇ ಸುಟ್ಟಿತ್ತು. ಬೀಜ ಉದುರಿರಲೇ ಇಲ್ಲ. ಹಳೆಯ ಬೀಜದಿಂದ ಎದ್ದವು ಎರಡು ವರ್ಷ ನಡೆಸಿದವು, ಈಗ ಅವೂ ಮುಗಿದಿದ್ದವು.

ಅವಳು ಎದ್ದು ಕೊಠಡಿಯ ಅಧಿಕಾರಿ ಇಂದುಧರನ ಮೇಜಿಗೆ ಹೋದಳು. ಅವನು ಚಿತ್ರಗಳನ್ನು ನೋಡಿದ. ಮೂರ್ಖನಲ್ಲ, ಎರಡನೆಯ ಚಿತ್ರಕ್ಕೇ ಅವನಿಗೆ ತಿಳಿಯಿತು.

"ನಿಮ್ಮೂರಿನವರು ಹೂವಿನ ಚಿತ್ರ ಕೊಟ್ಟಿಲ್ಲ" ಎಂದ.

"ಹೂ ಬಂದಿದ್ದನ್ನ ನಾವು ತಿನ್ನಂಗಿಲ್ರಿ ಸರ್. ಅದಕ್ಕ ಕೊಟ್ಟಿಲ್ಲ. ಈಗ ಕೊಡ್ತೀನಿ."

"ಪಟ್ಟಿಗೆ ಬೀಗ ಬಿದ್ದಿದೆ. ಹಂಗಾಮು ಮುಗಿಯೋವರೆಗೆ ಹೊಸ ಚಿತ್ರ ಸೇರಿಸೋ ಹಾಗಿಲ್ಲ."

"ಹಂಗಾಮು ಮುಗಿಯೂದ್ರಾಗ ಉಳದಿದ್ದೂ ಸುಡ್ತದರಿ. ಬೀರನಾಳಕ್ಕ ಯಂತ್ರ ಕಳಸಬ್ಯಾಡ್ರಿ, ಇದೊಂದು ಸಲ."

ಇಂದುಧರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮಹಾನಂದಾ ಅವರೇ, ಊರಿಗೊಂದು ವಿನಾಯಿತಿ ಕೊಡ್ತಾ ಹೋದರೆ ಪರದೇಶಿ ಯಾವ ಊರಲ್ಲಿ ಉಳಿಯಲ್ಲ ಹೇಳಿ? ಒಂದು ಹೊಲದಲ್ಲಿ ಬಿಟ್ಟರೆ ಗಾಳಿಗೆ ಹತ್ತು ಹೊಲ. ನಮ್ಮ ಅಪ್ಪ ಆ ಉಬ್ಬಸದಲ್ಲೇ ಹೋದರು. ನಿಮ್ಮ ಪಲ್ಯಕ್ಕೋಸ್ಕರ ನಾನು ಬಾಗಿಲು ತೆಗೆಯಲ್ಲ."

"ಮತ್ತ ಯಂತ್ರ ನನ್ನ ಕೇಳಬೇಕಿತ್ತಲ್ರಿ? ಖಾತ್ರಿದಾರಳು ನಾನು."

"ಅನುಮಾನ ಬಂದರೆ ಕೇಳುತ್ತೆ. ಇದರಲ್ಲಿ ಅದಕ್ಕೆ ಅನುಮಾನವೇ ಬಂದಿಲ್ಲ."

ಅಷ್ಟು ಹೇಳಿ ಅವನು ಕನ್ನಡಕ ಹಾಕಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಲ್ಲೆಮ್ಮ ಎಂಬ ಹೆಸರು ಅಂದಿನಿಂದ ಅವಳಿಗೆ ಅಂಟಿತು.

*

ಮನೆಯಲ್ಲಿ ಅವಳು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಾಶೀಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ನಾ ಕೈ ಅಡ್ಡ ಹಿಡದಿದ್ದಕ್ಕ ಆತು ಅಂತೀ?"

"ಹಂಗಂದಿಲ್ರಿ ಅತ್ತಿ. ಇಬ್ಬರದೂ ತಪ್ಪದ."

"ನಿಂದು. ನಾ ಅಡಿಗಿ ಮಾಡಾಕಿ. ನೀ ಗುರ್ತು ಹಿಡಿಯಾಕಿ. ಹೂವಿಲ್ದ ಗಿಡ ಎಲ್ಲರ ಇರ್ತದೇನಂತ ನೀ ನನಗ ಕೇಳಬೇಕಿತ್ತು." ರೊಟ್ಟಿಯನ್ನು ಹಂಚಿಗೆ ಎಸೆದಳು. "ಕೂಸು ದೊಡ್ಡದಾದ್ರ ತಾಯಿ ಗುರ್ತು ಹಿಡಿಯಂಗಿಲ್ಲೇನ? ಎಂಥಾ ಯಂತ್ರ ಅದು, ಸುಡಗಾಡು!"

ಆ ಮೇಲೆ ಅವಳು ಸೊಸೆಯ ಜೊತೆ ಮಾತು ಬಿಟ್ಟಳು. ನೀರು ಬೇಕಾದರೆ ಬಾಗಿಲಿಗೆ ಹೇಳುತ್ತಿದ್ದಳು, ಉಪ್ಪು ಬೇಕಾದರೆ ಒಲೆಗೆ. ಊರ ಹೆಂಗಸರೂ ಅದನ್ನೇ ಹಿಡಿದರು. ಬಾವಿಯ ಹತ್ತಿರ ಮಹಾನಂದಾ ಬಂದರೆ ಮಾತು ನಿಂತು ಕೊಡಗಳ ಸದ್ದು ಮಾತ್ರ ಉಳಿಯುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಜೋಳ ಕೊಯ್ಲಿಗೆ ಬಂದಾಗ, ಲಾಲಬಿ ಓಡುತ್ತ ಬಂದು ಕಾಶೀಬಾಯಿಯ ಅಂಗಳದಲ್ಲಿ ನಿಂತಳು.

"ಕಾಶಕ್ಕಾ, ನಿನ್ನ ಹೊಲದ ಬದುವಿನ್ಯಾಗ, ಜಾಲಿಕಂಟಿ ಬುಡಕ್ಕ, ಹತ್ತರಕಿ ನಿಂತದ ನೋಡು! ನನ್ನ ಆಡು ಮೂತಿ ತುರಕಿ ಮುಳ್ಳು ಚುಚ್ಚಸ್ಕೊಂಡದ, ಅದಕ್ಕ ಗೊತ್ತಾತು. ಹೂ ಬಿಟ್ಟಾವ. ಇನ್ನೊಂದು ಎಂಟು ದಿವಸಕ್ಕ ಬೀಜ ಹಾರ್ತಾವ."

ಆದರೆ ಆ ವಾರವೇ ಬೀರನಾಳದ ಸರದಿ. ಅದು ಎಲ್ಲರಿಗೂ ಗೊತ್ತಿತ್ತು. ಯಂತ್ರಕ್ಕೆ ಮುಳ್ಳುಕಂಟಿ ಒಂದು ಲೆಕ್ಕವಲ್ಲ, ಮೊದಲು ಕಂಟಿಯನ್ನು ಸುಟ್ಟು ಆಮೇಲೆ ಬುಡ ನೋಡುತ್ತಿತ್ತು. ಯಂತ್ರವನ್ನು ಯಾರಾದರೂ ತಡೆದರೆ ಅವರ ಹೊಲ ಮಂಡಳಿಯ ವಶಕ್ಕೆ ಹೋಗುತ್ತಿತ್ತು. ಆಚೆ ಊರಿನಲ್ಲಿ ಹಾಗೆ ಹೋದ ಹೊಲವೊಂದು ಇನ್ನೂ ತಿರುಗಿ ಬಂದಿರಲಿಲ್ಲ.

"ಕಿತ್ತು ಮನಿಗಿ ತಂದು ಕುಂಡದಾಗ ಹಚ್ಚೋಣ್ರಿ" ಎಂದಳು ಮಹಾನಂದಾ.

ಕಾಶೀಬಾಯಿ ಬಾಗಿಲಿಗೆ ಹೇಳಿದಳು, "ಎರಿಭೂಮಿ ಬಿರಕಿನ್ಯಾಗ ಮೊಳದುದ್ದ ಬೇರು ಬಿಟ್ಟಿರ್ತದ. ಹೂ ಬಂದದ್ದು ಕಿತ್ರ ಬದುಕಂಗಿಲ್ಲಂತ ಹೇಳು ನೌಕರದಾಕಿಗಿ."

*

ಸುಡುಹೋರಿ ಬಂದ ದಿನ ಮಹಾನಂದಾ ಕೊಠಡಿಯಲ್ಲಿದ್ದಳು. ಬೀರನಾಳದ ನಕ್ಷೆಯ ಮೇಲೆ ಯಂತ್ರದ ಬಿಂದು ಹೊಲದಿಂದ ಹೊಲಕ್ಕೆ ಸರಿಯುತ್ತಿತ್ತು. ಅವಳು ಊಟದ ಡಬ್ಬಿ ತೆಗೆದಿರಲಿಲ್ಲ. ಬಿಂದು ತಮ್ಮ ಹೊಲಕ್ಕೆ ಬಂತು. ಬದುವಿನ ಗುಂಟ ನಡೆಯಿತು. ಜಾಲಿಕಂಟಿ ಇರುವ ಕಡೆ ನಿಂತಿತು. ಮುಂದೆ ಹೋಗಲೇ ಇಲ್ಲ.

ಅವಳ ಪರದೆಯ ಮೇಲೆ ಚೌಕವೊಂದು ತೆರೆಯಿತು. ಯಂತ್ರಕ್ಕೆ ಅನುಮಾನ ಬಂದಿತ್ತು.

ಚಿತ್ರದಲ್ಲಿ ಹಸಿರು ಇಳಕಲ್ ಸೀರೆಯ ಒಂದು ಮುದ್ದೆ ಇತ್ತು. ತಲೆಯ ಮೇಲೆ ಬಿಸಿಲಿಗೆಂದು ಜೋಳದ ಒಣ ಎಲೆಗಳ ರವದಿ ಹೊದ್ದುಕೊಂಡಿತ್ತು. ಮುಖ ಕಾಣುತ್ತಿರಲಿಲ್ಲ. ಸೀರೆಯ ನೆರಿಗೆ ನೆಲದ ಮೇಲೆ ಸುತ್ತ ಹರಡಿತ್ತು. ಜಾಲಿಕಂಟಿಯನ್ನು ಕುಡುಗೋಲಿನಿಂದ ಸವರಿ ಬದಿಗೆ ಎಸೆದಾಗಿತ್ತು. ಮುದ್ದೆ ಅಲುಗಾಡುತ್ತಿರಲಿಲ್ಲ. ನೆರಿಗೆಯ ಅಂಚಿನಿಂದ ಒಂದು ಹಳದಿ ಹೂ ಇಣುಕುತ್ತಿತ್ತು.

ಚಿತ್ರದ ಕೆಳಗೆ ಪ್ರಶ್ನೆ: ಇದು ಏನು? ಮನುಷ್ಯ, ಪ್ರಾಣಿ, ವಸ್ತು, ಸಸ್ಯ. ಒಂದನ್ನು ಆರಿಸಿ.

ಸೀರೆ ಅತ್ತೆಯದು. ಮನುಷ್ಯ ಎಂದರೆ ತಡೆದ ಹಾಗೆ. ಮುಂದಿನ ಚೌಕ ಹೆಸರು ಕೇಳುತ್ತದೆ, ಸಂಜೆಗೆ ಹೊಲ ಮಂಡಳಿಯದು. ಪ್ರಾಣಿ ಎಂದರೆ ಯಂತ್ರ ಕಿವಿ ಹರಿಯುವಂತೆ ಸೈರನ್ ಊದಿ, ಹೋಗುವವರೆಗೆ ಬಿಸಿಗಾಳಿ ಬಿಡುತ್ತದೆ. ವಸ್ತು ಎಂದರೆ ಬೆದರುಗೊಂಬೆ ಎಂದು ತಿಳಿದು ತೋಳು ಚಾಚಿ ಬದಿಗೆ ನೂಕುತ್ತದೆ. ಕಾಶೀಬಾಯಿ ನೂಕಿಸಿಕೊಂಡು ಏಳುವವಳಲ್ಲ. ಮೂಳೆ ಮುರಿದರೂ ಅಲ್ಲೇ ಹೊರಳಿ ಕೂರುವವಳು.

ಫೋನು ಮಾಡಿದಳು. ಹೊಲದಲ್ಲಿ ಕಾಶೀಬಾಯಿಯ ಸೊಂಟದ ಚೀಲದಲ್ಲಿ ಅದು ಬಡಿದುಕೊಂಡಿರಬೇಕು. ಸೊಸೆಯ ಕರೆಯನ್ನು ಅವಳು ಎಳ್ಳಮಾವಾಸ್ಯೆಯಿಂದ ಎತ್ತಿರಲಿಲ್ಲ, ಈಗಲೂ ಎತ್ತಲಿಲ್ಲ.

ಚೌಕದ ಅಂಚು ಕೆಂಪಾಯಿತು. ಉತ್ತರ ತಡವಾದರೆ ಅದು ಅಧಿಕಾರಿಯ ಪರದೆಗೆ ಹೋಗುತ್ತದೆ. ಇಂದುಧರ ಆಗಲೇ ತಲೆ ಎತ್ತಿ ನೋಡುತ್ತಿದ್ದ.

"ಏನದು ಪಲ್ಲೆಮ್ಮ, ಹೊಸ ಕಸ ಸಿಕ್ಕಿತಾ?" ಎಂದಿತು ಹಿಂದಿನ ಸಾಲು.

ಮಹಾನಂದಾ 'ಸಸ್ಯ' ಒತ್ತಿದಳು.

ಹೆಸರು? ಪಟ್ಟಿ ಇಳಿಯಿತು. ಹೊರಗಿನಿಂದ ಹೊಸ ಚಿತ್ರ ಹಾಕಲು ಬೀಗವಿತ್ತು, ಯಂತ್ರವೇ ಕಳಿಸಿದ ಚಿತ್ರಕ್ಕೆ ಇದ್ದ ಹೆಸರನ್ನು ಆರಿಸಲು ಇರಲಿಲ್ಲ. ಹಾಗೆ ಖಾತ್ರಿಯಾದ ಚಿತ್ರ ತಾನಾಗಿ ಗಿಡಗುರುತಿಗೆ ಸೇರುತ್ತಿತ್ತು. ಅವಳು ಹತ್ತರಕಿ ಒತ್ತಿದಳು. ಖಾತ್ರಿಯೇ? ಹೌದು. ಸ್ಥಳೀಯವೇ? ಹೌದು.

ಪರದೆಯಲ್ಲಿ ಸೀರೆಯ ಮುದ್ದೆಯ ಸುತ್ತ ಒಂದು ಹಸಿರು ವರ್ತುಲ ಮೂಡಿತು. ಉಳಿಸುವ ಗಿಡದ ಸುತ್ತ ಒಂದು ಮಾರಿನಷ್ಟು ನೆಲವನ್ನು ಆ ಹಂಗಾಮಿನಲ್ಲಿ ಯಂತ್ರ ಮುಟ್ಟುವುದಿಲ್ಲ. ಸುಡುಹೋರಿ ಹಿಂದೆ ಸರಿಯಿತು. ವರ್ತುಲದ ಅಂಚಿನ ಗುಂಟ, ಗರ್ಭಗುಡಿ ಸುತ್ತುವವರ ಹಾಗೆ ನಿಧಾನವಾಗಿ ಬಳಸಿಕೊಂಡು ಮುಂದಿನ ಹೊಲಕ್ಕೆ ಹೋಯಿತು.

ಇಂದುಧರ ಅವಳ ಬೆನ್ನ ಹಿಂದೆ ಬಂದು ನಿಂತಿದ್ದ.

"ಇದು ಹೆಂಗಸು" ಎಂದ.

"ಹತ್ತರಕಿ ರಿ ಸರ್."

"ನನಗೆ ಕಣ್ಣಿಲ್ವಾ? ರವದಿ ಕೆಳಗೆ ಕಿವಿ ಓಲೆ ಕಾಣ್ತಿದೆ. ತಿದ್ದಿ ಅದನ್ನ."

"ತಿದ್ದಲಾಕ ಯಂತ್ರಕ್ಕ ಅನುಮಾನ ಬರಬೇಕಲ್ರಿ" ಎಂದಳು ಮಹಾನಂದಾ. "ಈಗ ಅದಕ್ಕ ಅನುಮಾನ ಇಲ್ಲ."

ಅವನು ಅವಳನ್ನು ಸರಿಸಿ ತಾನೇ ಕೀಲಿಗಳನ್ನು ಒತ್ತಿದ. ಪಟ್ಟಿಗೆ ಬೀಗ ಬಿದ್ದಿದೆ ಎಂದು ಪರದೆ ಹೇಳಿತು. ಮತ್ತೆ ಒತ್ತಿದ, ಮತ್ತೆ ಹೇಳಿತು. ದಾಖಲೆಯಲ್ಲಿ ಮನುಷ್ಯ ಎಂದಿಲ್ಲದೆ ಹೊಲವನ್ನು ವಶಕ್ಕೆ ತೆಗೆದುಕೊಳ್ಳುವಂತೆಯೂ ಇರಲಿಲ್ಲ. "ನಾಳೆಯಿಂದ ಬರಬೇಡಿ" ಎಂದ. ಅವಳು ಊಟದ ಡಬ್ಬಿ ಎತ್ತಿಕೊಂಡು ಎದ್ದಳು. ಹಿಂದಿನ ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

*

ಕಾಶೀಬಾಯಿ ಹೊತ್ತು ಮುಳುಗುವವರೆಗೆ ಕುಳಿತಿದ್ದು, ಯಂತ್ರ ತನಗೆ ಹೆದರಿ ಓಡಿತೆಂದು ಊರೆಲ್ಲ ಹೇಳಿಕೊಂಡು ಬಂದಳು. ಎರಡು ದಿನ ಆ ಮಾತು ಮೆರೆಯಿತು. ಮೂರನೆಯ ದಿನ ಲಾಲಬಿಯ ಮೊಮ್ಮಗಳು ಗಿಡಗುರುತು ತೆರೆದು ಹತ್ತರಕಿ ಎಂದು ಹುಡುಕಿದಳು. ಎಳೆಯ ಎಲೆಗಳ ಚಿತ್ರಗಳ ಕೊನೆಗೆ, ಯಾರು ಬೇಕಾದರೂ ನೋಡುವಂತೆ, ರವದಿ ಹೊದ್ದ ಕಾಶೀಬಾಯಿ ಕುಳಿತಿದ್ದಳು. ಕೆಳಗೆ ಬರೆದಿತ್ತು: ಸ್ಥಳೀಯ. ತಿನ್ನಬಹುದು. ಸುಡಬಾರದು.

ಬಾವಿಯ ಹತ್ತಿರ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. "ಕಾಶಕ್ಕಾ, ಹಿಂಡಿ ಹಚ್ಚಿ ತಿನ್ನಬೇಕೋ, ಹಂಗೇ ತಿನ್ನಬೇಕೋ?" ಎಂದಳು ಲಾಲಬಿ.

ಕಾಶೀಬಾಯಿ ಬೀಸುಗಾಲಿನಲ್ಲಿ ಮನೆಗೆ ಬಂದಳು. ಮಾತು ಬಿಟ್ಟದ್ದನ್ನು ಮರೆತು ನೇರ ಸೊಸೆಗೇ ಬೈದಳು. "ನನಗ ಕಸ ಮಾಡಿ ಕುಂದರ್ಸಿದಿ! ಹೆಣ್ಮಗಳು ಅನ್ಲಾಕ ಬಾಯಿ ಬರಲಿಲ್ಲೇನ ನಿನಗ?"

"ಹೆಣ್ಮಗಳು ಅಂದಿದ್ರ ಹೊಲ ಹೋಗ್ತಿತ್ರಿ."

"ಹೋಗ್ತಿತ್ತು ಹೋಗ್ತಿತ್ತು! ಮರ್ಯಾದಿ ಹೋಯಿತಲ್ಲ! ಜಗತ್ತೆಲ್ಲ ನೋಡ್ಲಾಕತ್ತದಂತ!"

"ನನ್ನ ನೌಕರಿನೂ ಹೋಯ್ತು" ಎಂದಳು ಮಹಾನಂದಾ. ಅವಳ ದನಿಯಲ್ಲೂ ಮೆದುತನವೇನೂ ಇರಲಿಲ್ಲ.

"ಹೋಗ್ಲಿ. ಅದರಿಂದ ಏನು ಸುಖ ಇತ್ತು?"

ಬದುವಿನ ಹತ್ತರಕಿ ಬಿಳಿ ತಲೆ ಬಿಟ್ಟು, ಒಂದು ಮಧ್ಯಾಹ್ನದ ಗಾಳಿಗೆ ಬೀಜ ಹಾರಿಸಿತು. ಬೀಗ ತೆಗೆದಾಗ ಮಂಡಳಿಯವರು ಹೂವಿನ ಚಿತ್ರವನ್ನೇನೋ ಸೇರಿಸಿದರು. ಕಾಶೀಬಾಯಿಯ ಚಿತ್ರವನ್ನು ಅಳಿಸುವಷ್ಟರಲ್ಲಿ ಯಂತ್ರಗಳು ಅದನ್ನು ಕಲಿತುಬಿಟ್ಟಿದ್ದವು. ಮುಂದಿನ ಹಂಗಾಮಿಗೆ ಭೀಮಾ ದಂಡೆಯ ಊರುಗಳಲ್ಲಿ ಹೆಂಗಸರು ತಮಗೆ ಬೇಕಾದ ಗಿಡದ ಮೇಲೆ ರವದಿ ಹೊದ್ದು ಕುಳಿತರು. ಸುಡುಹೋರಿ ಅವರನ್ನೆಲ್ಲ ಹತ್ತರಕಿ ಎಂದು ಬಳಸಿಕೊಂಡು ಹೋಯಿತು.

ಎಳ್ಳಮಾವಾಸ್ಯೆ ಬಂತು. ಎಡೆಯ ಬಲಗಡೆ ಒಂದು ಹಿಡಿ ಹಸಿ ಹತ್ತರಕಿ ಇತ್ತು. ಚರಗ ಚೆಲ್ಲಿ ಬಂದ ಮೇಲೆ ಕಾಶೀಬಾಯಿ ಎಲ್ಲರ ತಾಟಿಗೂ ಎಳೆಯ ಎಲೆ ಹಾಕುತ್ತ ಬಂದಳು. ಸೊಸೆಯ ಮುಂದೆ ನಿಂತಳು.

"ಮುದಿ ಆದದ್ದು ತಿನ್ನಂಗಿಲ್ಲಂತ ಬರದಿಯೋ ಇಲ್ಲೋ ಆ ಗಿಡಗುರುತಿನ್ಯಾಗ?"

"ಬರದೀನ್ರಿ. ಭಾಳ ಕಹಿ ಇರ್ತದ, ಯಾರೂ ಹತ್ರ ಹೋಗಬ್ಯಾಡ್ರಿ ಅಂತ."

ಲಾಲಬಿ ಉಗುಳು ನುಂಗಿ ನಗು ತಡೆದಳು. ಕಾಶೀಬಾಯಿ ನಗಲಿಲ್ಲ. ಬುಟ್ಟಿಯನ್ನು ಬದಿಗಿಟ್ಟು ಬದುವಿನ ತನಕ ನಡೆದು ಹೋದಳು. ಆಗಲೇ ದಂಟೆದ್ದಿದ್ದ ಒಂದು ಗಿಡದ ಬುಡದಿಂದ, ಹೂವಿಗೆ ಕೈ ತಾಗದಂತೆ, ಒರಟಾದ ಒಂದು ಎಲೆ ಹರಿದುಕೊಂಡು ಬಂದು ಮಹಾನಂದಾಳ ರೊಟ್ಟಿಯ ಮೇಲೆ ಹಾಕಿದಳು.

"ತಿನ್ನು" ಎಂದಳು.

ಮಹಾನಂದಾ ಅತ್ತೆಯ ಮುಖ ನೋಡುತ್ತಲೇ ಅದನ್ನು ಬಾಯಿಗಿಟ್ಟು ಅಗಿದಳು. ಗಂಟಲವರೆಗೂ ಕಹಿ. ಅವಳು ನೀರು ಕೇಳಲಿಲ್ಲ. ಕಾಶೀಬಾಯಿಯೂ ಕೊಡಲಿಲ್ಲ.